ಕೆಂಪು ಗಾಡಿಯ ಮಾಲಕರು

ಮಾಲಕರ ಬಲಗೈ ಮುಷ್ಟಿಯಲ್ಲಿ ಕಿರುಬೆರಳಿನ ಗೆಣ್ಣು ಇರಲಿಲ್ಲ. ಉಳಿದ ಮೂರು ಎದ್ದು ಕಾಣುತ್ತಿದ್ದವು, ನಾಲ್ಕನೆಯದು ಒಳಗೆ ಕುಸಿದು ಅಲ್ಲೊಂದು ಕುಳಿ ಬಿದ್ದಿತ್ತು. ಎದುರಿನವನ ದವಡೆಗೆ ಸಿಟ್ಟಿನಲ್ಲಿ ಗುದ್ದಿದವರಿಗೆ ಮುರಿಯುವ ಎಲುಬು ಅದು. ನಾನು ನರ್ಸ್, ನೋಡಿದ ಕೂಡಲೇ ಗೊತ್ತಾಯಿತು. ಬಾಡಿಗೆ ಮನೆ ಕೇಳಲು ಹೋದ ದಿನ ಅದೇ ಕೈ, ಹಳೆಯ ಧೋತರದ ತುಂಡು ಹಿಡಿದು, ಒಂದು ಕೆಂಪು ಕಾರಿನ ಮೂತಿಯನ್ನು ಕೂಸಿನ ಬಾಯಿ ಒರೆಸುವಷ್ಟು ಮೆತ್ತಗೆ ಒರೆಸುತ್ತಿತ್ತು.

ಅವರು ನನ್ನ ಕಡೆ ತಿರುಗಲಿಲ್ಲ. “ಗಾಡಿಗಿ ಒರಗಬ್ಯಾಡ್ರಿ. ಅರಬಿ ಒಣಗಸೂ ಹಗ್ಗ ಈ ಕಡಿ ತರಬ್ಯಾಡ್ರಿ. ಬಾಕಿ ಎಲ್ಲಾ ನಿಮ್ಮ ಮನಿ ಇದ್ದಂಗ” ಎಂದರು. ಮಾತು ಮುಗಿಯಿತು. ನನಗೆ ಇಂಥ ಮಾತು ಹಿಡಿಸುತ್ತದೆ. ಅಂದೇ ಸಾಮಾನು ತಂದೆ.

ಆಳಂದ ತಾಲೂಕಿನ ಆ ಊರಿನಲ್ಲಿ ಅವರದು ತೊಗರಿಬೇಳೆಯ ಮಿಲ್ಲು. ಹಮಾಲರು ಮಾಲಕರು ಎನ್ನುತ್ತಿದ್ದರು, ಊರೂ ಹಾಗೆಯೇ ಕರೆಯಿತು, ನಾನೂ ಕರೆದೆ. ಅವರು ನನ್ನನ್ನು ಬಾಯಿ ಎಂದು ಕರೆಯುತ್ತಿದ್ದರು. ನಾನು ಅಫಜಲಪುರದ ಕಡೆಯವಳು. ಗಂಡ ತೀರಿಹೋದ ಮೇಲೆ ವರ್ಗವಾಗಿ ಆ ಊರಿನ ದವಾಖಾನೆಗೆ ಬಂದೆ, ನಿವೃತ್ತಿಯವರೆಗೂ ಅವರ ವಾಡೆಯ ಎರಡು ಖೋಲಿಗಳಲ್ಲೇ ಉಳಿದೆ. ನನ್ನ ಅಡುಗೆಮನೆಯ ಗೋಡೆಯ ಆಚೆಗೆ ಆ ಗಾಡಿ ನಿಲ್ಲುತ್ತಿತ್ತು.

ಅದು ಇಟಲಿಯಲ್ಲಿ ತಯಾರಾದ ಓಟದ ಗಾಡಿ. ಇಬ್ಬರೇ ಕೂರಬಹುದು. ಉದ್ದ ಮೂತಿ, ತಂತಿ ಕಡ್ಡಿಗಳ ಚಕ್ರ, ಕಟ್ಟಿಗೆಯ ಸ್ಟೇರಿಂಗು, ಅದೂ ಎಡಗಡೆಗೆ. ಹೈದರಾಬಾದಿನಲ್ಲಿ ಕಾಲೇಜು ಓದುವಾಗ ಒಂದು ಹಳೆಯ ದೇವಡಿ ಬಂಗಲೆಯ ಹಿತ್ತಿಲಲ್ಲಿ ಕೋಳಿಗಳು ಅದರೊಳಗೆ ಮೊಟ್ಟೆ ಇಡುತ್ತಿದ್ದುದನ್ನು ಕಂಡು, ತಂದೆಯ ಜೊತೆ ಜಗಳವಾಡಿ ಕೊಂಡು ತಂದರಂತೆ. ಓದು ಅಲ್ಲಿಗೇ ನಿಂತಿತು. ಬಿಡಿಭಾಗ ಎಲ್ಲಿಯೂ ಸಿಗುತ್ತಿರಲಿಲ್ಲ. ಸೊಲ್ಲಾಪುರದ ಲೇತ್ ಅಂಗಡಿಯಲ್ಲಿ ಎದುರು ನಿಂತು ಮಾಡಿಸಿಕೊಂಡು ಬರುತ್ತಿದ್ದರು. ಮಳೆಗಾಲದಲ್ಲಿ ಎರೆಮಣ್ಣಿನ ರಸ್ತೆಗೆ ಅದನ್ನು ಇಳಿಸುತ್ತಿರಲಿಲ್ಲ. ಉಳಿದ ದಿನಗಳಲ್ಲಿ ಪ್ರತಿ ಗುರುವಾರ, ನಾನು ಕುಕ್ಕರ್ ಇಳಿಸುವ ಹೊತ್ತಿಗೆ, ಎಂಜಿನ್ ಕೆಮ್ಮಿ ಏಳುತ್ತಿತ್ತು. ಗೋಡೆಯ ಮೇಲಿನ ನನ್ನ ಡಬ್ಬಿಗಳು ನಡುಗುತ್ತಿದ್ದವು. ಹಿರೋಳ್ಳಿಯವರೆಗೆ ಹೋಗಿ ತಿರುಗಿ ಬರುತ್ತಿದ್ದರು. ಹಿರಿಯ ಮಗಳನ್ನು ಜೇವರ್ಗಿಗೆ ಕೊಟ್ಟಾಗ ಬೀಗರ ಮನೆಗೂ ಅದರಲ್ಲೇ ಹೋದರು. ಹೆಂಡತಿ ಮಾತ್ರ ಬಸ್ಸಿನಲ್ಲಿ ಹೋದರು, ಏಕೆಂದರೆ ಎರಡನೆಯ ಸೀಟಿನಲ್ಲಿ ನಟ್ಟು ಬಿಗಿಯುವ ಕಬ್ಬಿಣದ ಪಾನಾ, ಜಾಕು, ನೀರಿನ ಡಬ್ಬಿ ಇದ್ದವು. ಹೋಟೆಲಿನ ಕಟ್ಟೆಯ ಮೇಲೆ ಮಂದಿ ನಗುತ್ತಿದ್ದರು. ನಮ್ಮ ಬಂಡಿಯಲ್ಲಿ ಇಡೀ ಲಗ್ನದ ದಿಬ್ಬಣ ಹೋಗುತ್ತದೆ, ಮಾಲಕರ ಗಾಡಿಯಲ್ಲಿ ಸ್ವಂತ ಹೆಂಡತಿಗೆ ಜಾಗವಿಲ್ಲ ಎನ್ನುತ್ತಿದ್ದರು. ಮಾಲಕರು ಕಂಡರೆ ನಗು ನಿಲ್ಲುತ್ತಿತ್ತು.

ನಿಲ್ಲಲು ಕಾರಣವಿತ್ತು. ಒಬ್ಬ ಹಮಾಲ ಗಾಡಿಗೆ ಬೆನ್ನು ಕೊಟ್ಟು ಬೀಡಿ ಹಚ್ಚಿದ. “ನೋಡಾಕ ಕಣ್ಣ ಕೊಟ್ಟಾನ ದೇವರು. ಮುಟ್ಟು ಅಂತ ಯಾರ ಹೇಳಿದ್ರಲೇ?” ಎಂಬ ಮಾತು ಕೇಳಿಸುವುದಕ್ಕೂ ಅವನು ನೆಲಕ್ಕೆ ಬೀಳುವುದಕ್ಕೂ ಸರಿಹೋಯಿತು. ಮುಂದಿನ ಹಲ್ಲುಗಳು ಹೋದವು. ರಕ್ತ ನಿಲ್ಲಿಸಿದವಳು ನಾನು. ಸಂಜೆ ಹಮಾಲನ ಮನೆಗೆ ಮಾಲಕರು ಹಾಲು ತುಪ್ಪ ಕಳಿಸಿದರು. ತುಪ್ಪ ತಿಂದರೆ ಹಲ್ಲು ಬರುವುದಿಲ್ಲ ಎಂದು ನಾನು ಮುಖದ ಮೇಲೆ ಹೇಳಿದೆ. ಅವರು ಆ ಕುಳಿಬಿದ್ದ ಗೆಣ್ಣನ್ನು ತಿಕ್ಕಿಕೊಳ್ಳುತ್ತ, “ಗೊತ್ತದ ಬಾಯಿ. ನನ್ನ ಕೈ ಮೊದಲ ಹೋಗಿಬಿಡ್ತದ, ನಾ ಹಿಂದಿಂದ ಹೋಗ್ತೇನಿ” ಎಂದರು.

ಇನ್ನೊಂದನ್ನೂ ಹೇಳಬೇಕು. ಒಂದು ಮಧ್ಯಾಹ್ನ ಕುಡಿದವನೊಬ್ಬ ನನ್ನ ಬಾಗಿಲು ಒದ್ದು ಚಿಲಕ ಕಿತ್ತು ಒಳಗೆ ಬಂದ. ಮಾಲಕರು ಅವನನ್ನು ಕೂದಲು ಹಿಡಿದು ಓಣಿಗೆ ಎಳೆದರು. ಸಾಕು ಬಿಡಿ ಎಂದು ನಾನು ಕೂಗಿದೆ. ಬಿಡಲಿಲ್ಲ. ಅವನ ಮುಂಗೈ ಮುರಿದ ಸದ್ದು ನನಗೆ ಹೊಸ್ತಿಲಲ್ಲಿ ಕೇಳಿಸಿತು. ಪಟ್ಟಿ ಕಟ್ಟುವಾಗ ಅವನು ನನ್ನ ಮುಖ ನೋಡಲಿಲ್ಲ. ಅಂದಿನಿಂದ ಆ ಊರಿನಲ್ಲಿ ಯಾರೂ ತಂಟೆ ತೆಗೆಯಲು ನನ್ನ ಬಾಗಿಲಿಗೆ ಬರಲಿಲ್ಲ. ಬೇಸಿಗೆಯಲ್ಲಿ ಕದ ತೆರೆದಿಟ್ಟೇ ಮಲಗುತ್ತಿದ್ದೆ. ಆ ಕೈಯನ್ನು ನಾನು ಒಪ್ಪಲಿಲ್ಲ. ಅದರ ನೆರಳಿನಲ್ಲಿ ಅಷ್ಟು ವರ್ಷ ನಿಶ್ಚಿಂತೆಯಿಂದ ಇದ್ದೆ. ಎರಡೂ ನಿಜ.

ಓಣಿಯ ಆ ತುದಿಗೆ ಮಾಲಕರ ಅಣ್ಣನ ಮನೆ. ಹಿಸ್ಸೆಯಾದ ದಿನದಿಂದ ಅಣ್ಣ ತಮ್ಮಂದಿರಿಗೆ ಮಾತಿಲ್ಲ. ಹೊಲ ಅಣ್ಣನಿಗೆ, ಮಿಲ್ಲು ತಮ್ಮನಿಗೆ ಬಂತು. ಜಗಳ ಉಳಿದದ್ದು ಗಾಡಿಯ ಮೇಲೆ. ತಂದೆಯ ಕಾಲದ್ದು, ಮಾರಿ ಹಂಚಿಕೊಳ್ಳೋಣ ಎಂದು ಅಣ್ಣ ಅಂದಿದ್ದರು. ಅಷ್ಟು ಅಂದದ್ದೇ ಸಾಕಾಯಿತು. ಮಾಲಕರಿಗೆ ಇಬ್ಬರೂ ಹೆಣ್ಣುಮಕ್ಕಳು. ಅಣ್ಣನಿಗೆ ಒಬ್ಬನೇ ಮಗ, ಹೊಲ ನೋಡಿಕೊಳ್ಳುತ್ತಿದ್ದ ಗಟ್ಟಿ ಆಳು, ನಗುಮುಖದವನು. ಈ ಮುನಿಸು ಮುಗಿಸಬೇಕೆಂದು ಎರಡೂ ಮನೆಗಳಲ್ಲಿ ಬಯಸಿದವನು ಅವನೊಬ್ಬನೇ.

ದಸರೆಯ ದಿನ ನಮ್ಮ ಕಡೆ ಮನೆಮನೆಗೆ ಹೋಗಿ ಬನ್ನಿ ಕೊಡುತ್ತಾರೆ. ಬನ್ನಿಯೇ ಬಂಗಾರ. ಹಗೆ ಇದ್ದವರ ಬಾಗಿಲಿಗೂ ಹೋಗಬೇಕು, ಅವರು ಕೈ ಒಡ್ಡಲೇಬೇಕು. ಒಡ್ಡಿದರೆ ಜಗಳ ಮುಗಿದಂತೆ. ಅಣ್ಣನ ಮನೆಯ ಬನ್ನಿಗೆ ಮಾಲಕರು ಎಂದೂ ಕೈ ಒಡ್ಡಿರಲಿಲ್ಲ. ಆ ವರ್ಷ ಬಿಸಿಲು ಇಳಿಯುವ ಮೊದಲೇ ಅಣ್ಣನ ಮಗ ಬಂದ. ನಾನು ಹೋಳಿಗೆಯ ತಾಟು ಕೊಡಲು ಅಲ್ಲೇ ನಿಂತಿದ್ದೆ. ಮಾಲಕರು ಪೂಜೆಗೆಂದು ಗಾಡಿ ತೊಳೆದು, ಚಕ್ರಗಳನ್ನು ಬಿಗಿಮಾಡಿ, ಪಾನಾ ಕೈಯಲ್ಲಿ ಹಿಡಿದೇ ಎದ್ದರು.

“ಕಾಕಾ, ಬಂಗಾರ ತಗೋರಿ. ಅಪ್ಪಗ ವಯಸ್ಸಾತು. ಇದನ್ನ ಇಲ್ಲಿಗೇ ಬಿಡೂಣು” ಎಂದ.

ಒಳಗೆ ನಿನ್ನ ಕಾಕಿ ಇದ್ದಾಳೆ, ಅವಳಿಗೆ ಕೊಟ್ಟು ಹೋಗು ಎಂದರು ಮಾಲಕರು. ಅವನು ನಕ್ಕ. “ನೀವ ಕೈ ಒಡ್ಡಲಿಲ್ಲಂದ್ರ ನಿಮ್ಮ ಗಾಡಿಗೇ ಕೊಡ್ತೇನಿ. ಅದಕ್ಕರ ಸಿಟ್ಟಿಲ್ಲ” ಎಂದು ಬನ್ನಿಯ ಟೊಂಗೆಯನ್ನು ಗಾಡಿಯ ಮೂತಿಯ ಮೇಲಿಟ್ಟು ಕೈಮುಗಿದ.

ಬನ್ನಿಗೆ ಮುಳ್ಳಿರುತ್ತದೆ. ಕೊಡುವಾಗ ಎಲೆ ಬಿಡಿಸಿ ಕೊಡುತ್ತಾರೆ. ಅವನು ಅವಸರದಲ್ಲಿ ಟೊಂಗೆಯನ್ನೇ ಇಟ್ಟಿದ್ದ. ಇಳಿಜಾರಿನ ಮೇಲೆ ಅದು ಜಾರಿತು, ಕೆಂಪು ಬಣ್ಣದ ಮೇಲೆ ಬಿಳಿಯ ಗೆರೆ ಎಳೆಯಿತು. ಗೆರೆಯನ್ನು ನಾನು ಕಂಡೆ. ಮಾಲಕರ ಕೈ ಎದ್ದದ್ದನ್ನು ಕಾಣಲಿಲ್ಲ, ಅಷ್ಟು ಬೇಗ ಎದ್ದಿತು. ಪಾನಾ ಅವನ ಎಡಗಿವಿಯ ಮೇಲೆ ಬಿತ್ತು. ಅವನು ಒಂದು ಕ್ಷಣ ನಿಂತೇ ಇದ್ದ, ಏನೋ ಕೇಳುವವನ ಹಾಗೆ ಕಾಕಾನ ಮುಖ ನೋಡಿದ. ಆಮೇಲೆ ಮೊಣಕಾಲು ಮಡಚಿತು.

ಕಿವಿಯಿಂದ ರಕ್ತ ಬಂತು. ವಾಂತಿಯಾಯಿತು. ಕಣ್ಣಿನ ಪಾಪೆಗಳಲ್ಲಿ ಒಂದು ದೊಡ್ಡದಾಗಿತ್ತು. ತಲೆಯೊಳಗೆ ರಕ್ತ ಕಟ್ಟುತ್ತಿದೆ, ಆಳಂದ ಮುಟ್ಟದಿದ್ದರೆ ಉಳಿಯುವುದಿಲ್ಲ ಎಂದು ನನಗೆ ತಿಳಿಯಿತು. ಆಗ ಫೋನು ಮಾಡಿದರೆ ಬರುವ ಅಂಬುಲೆನ್ಸು ಇನ್ನೂ ಇರಲಿಲ್ಲ. ಹಬ್ಬದ ದಿನ ಬಸ್ಸಿಲ್ಲ, ಜೀಪುಗಳೂ ಊರಲ್ಲಿಲ್ಲ. ಗಾಡಿ ತೆಗೆಯಿರಿ ಎಂದೆ. ಮಾಲಕರು ಪಾನಾ ನೋಡುತ್ತ ನಿಂತಿದ್ದರು. ನಾನು ಅವರ ಕೆನ್ನೆಗೆ ಬಲವಾಗಿ ಹೊಡೆದೆ. ಆಗ ಅಲುಗಿದರು.

ಎರಡನೆಯ ಸೀಟಿನ ಸಾಮಾನನ್ನು ಅಂಗಳಕ್ಕೆ ಎಸೆದು ನಾನು ಕೂತೆ. ಹುಡುಗನನ್ನು ನನ್ನ ತೊಡೆಯ ಮೇಲೆ ಅಡ್ಡ ಮಲಗಿಸಿದೆವು, ಕಾಲು ಬಾಗಿಲಿನ ಹೊರಗೆ ಉಳಿದವು. ಊರು ದಾಟುವಷ್ಟರಲ್ಲಿ ಸುದ್ದಿ ನಮಗಿಂತ ಮುಂದೆ ಹೋಗಿತ್ತು. ಕಾಕಾ ಹುಡುಗನನ್ನು ಕೊಂದು ಗಾಡಿ ತಗೊಂಡು ಓಡುತ್ತಿದ್ದಾನೆ ಎಂದು. ಹಳ್ಳದ ಸೇತುವೆಗೆ ಅಣ್ಣನ ಟ್ರ್ಯಾಕ್ಟರು ಅಡ್ಡ ನಿಂತಿತ್ತು. ಮೊದಲು ಕಲ್ಲು ಬಂದವು. ಮುಂದಿನ ಗಾಜು ಒಡೆದು ನನ್ನ ಮಡಿಲಿಗೆ ಸುರಿಯಿತು. ನಾನು ಹುಡುಗನ ತಲೆಯ ಮೇಲೆ ಬಾಗಿದೆ, ಬೆನ್ನಿಗೆ ಬಿದ್ದ ಏಟು ಎಷ್ಟೆಂದು ಗೊತ್ತಿಲ್ಲ. ಕೊಡಲಿಯ ಹಿಂಬದಿಯಿಂದ ಯಾರೋ ಗಾಡಿಯ ಮೂತಿ ಜಜ್ಜುತ್ತಿದ್ದರು. ಮಾಲಕರು ಅದರತ್ತ ನೋಡಲೂ ಇಲ್ಲ. ಬಾಗಿಲು ತೆಗೆದು ಇಳಿದು ಅಣ್ಣನ ಎದುರಿಗೆ ಹೋಗಿ ನಿಂತರು. ಅಣ್ಣನ ಬಡಿಗೆ ಅವರ ಬಲ ಭುಜದ ಮೇಲೆ ಬಿತ್ತು. ಎಲುಬು ಮುರಿಯಿತು. ಕೈ ಎತ್ತಿ ತಡೆಯಲಿಲ್ಲ.

“ನಿನ್ನ ಮಗ ಗಾಡ್ಯಾಗ ಇದ್ದಾನ. ಅವನ್ನ ದಾಟಸು. ಆಮ್ಯಾಲ ನನ್ನ ಕಡಿ” ಎಂದರು. ಅಣ್ಣನಿಗೆ ಅವರು ಅಷ್ಟು ವರ್ಷಗಳ ಮೇಲೆ ಆಡಿದ ಮೊದಲ ಮಾತು ಅದು.

ಅಣ್ಣ ಗಾಡಿಯೊಳಗೆ ಬಗ್ಗಿ ನೋಡಿದರು. ಜೀವ ಇದೆಯೇ ಎಂದು ನನ್ನನ್ನು ಕೇಳಿದರು. ಇದೆ, ಇಲ್ಲಿ ನಿಲ್ಲಿಸಿದರೆ ಇರುವುದಿಲ್ಲ ಎಂದೆ. ಟ್ರ್ಯಾಕ್ಟರು ಸರಿಯಿತು. ಅವರ ಕಡೆಯ ಒಬ್ಬ ತಾನು ನಡೆಸುತ್ತೇನೆಂದು ಹತ್ತಿ ಕೂತ. ಎಡಗಡೆಯ ಸ್ಟೇರಿಂಗು ಅವನಿಗೆ ತಿಳಿಯಲಿಲ್ಲ. ಗೇರು ಕಿರುಚಿತು, ಎಂಜಿನ್ ಸತ್ತಿತು. ಅಣ್ಣ ಅವನನ್ನು ಕೊರಳಪಟ್ಟಿ ಹಿಡಿದು ಹೊರಗೆ ಎಳೆದು, ತಮ್ಮನ ಕಡೆ ತಿರುಗಿದರು.

“ಹೊಡದಾಂವ ನೀನೇ ಅಲ್ಲೇನಲೇ? ನೀನೇ ಮುಟ್ಟಸು.”

ಬಲಗೈ ಜೋತಾಡುತ್ತಿತ್ತು. ಮಾಲಕರು ಎಡಗೈಯಲ್ಲಿ ಸ್ಟೇರಿಂಗು ಹಿಡಿದರು. ಗೇರಿನ ಕೋಲು ನನ್ನ ಎಡಗೈಗೆ ಎಟುಕುತ್ತಿತ್ತು. ಹಿಂದಕ್ಕೆ ಎಳೀರಿ, ಈಗ ಮೇಲೆ ನೂಕಿರಿ ಎಂದು ಅವರು ಹೇಳಿದಂತೆ ನಾನು ಮಾಡಿದೆ. ಬಲಗೈಯಲ್ಲಿ ಹುಡುಗನ ತಲೆ ಅಲುಗದಂತೆ ಹಿಡಿದಿದ್ದೆ. ಗಾಜಿಲ್ಲದ ಗಾಡಿಯಲ್ಲಿ ಗಾಳಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ.

ಆಳಂದದಿಂದ ಕಲಬುರಗಿಗೆ ಒಯ್ದರು. ತಲೆಯ ಆಪರೇಷನ್ ಆಯಿತು. ಹುಡುಗ ಉಳಿದ. ಎಡಗಿವಿ ಕಿವುಡಾಯಿತು, ಬಾಯಿ ಒಂದು ಬದಿಗೆ ಸೊಟ್ಟಗಾಯಿತು. ಆ ನಗುಮುಖ ಮತ್ತೆ ಬರಲಿಲ್ಲ.

ಮಾಲಕರು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಪೊಲೀಸರಿಗೆ ಕಾದರು. ಜಾರಿಬಿದ್ದ ಎಂದರೆ ಮುಗಿದುಹೋಗುತ್ತದೆ ಎಂದು ವಕೀಲರು ಹೇಳಿಕೊಟ್ಟರು, ಊರ ಹಿರಿಯರು ರಾಜಿ ಮಾಡಿಸಲು ಬಂದರು. “ಅಂವ ಬಿದ್ದಿಲ್ಲ. ನಾ ಹೊಡದೇನಿ” ಎಂದು ಎಲ್ಲರ ಮುಂದೆಯೂ ಅಷ್ಟೇ ಹೇಳಿದರು. ಜೈಲಿಗೆ ಹೋದರು. ಮಿಲ್ಲನ್ನು ಹೆಂಡತಿ ನಡೆಸಿದರು.

ತಿರುಗಿ ಬಂದಾಗ ಗಾಡಿ ಕೊಟ್ಟಿಗೆಯಲ್ಲಿ ಜಜ್ಜಿದ ಮೂತಿ ಇಟ್ಟುಕೊಂಡು ನಿಂತಿತ್ತು. ಮತ್ತೆ ಮೊದಲಿನಿಂದ ಹಿಡಿದರು. ಗಾಜು ಕೂರಿಸಿದರು, ತಗಡು ಬಡಿಸಿದರು, ಬಣ್ಣ ಹೊಡೆಸಿದರು. ಗುರುವಾರದ ಪಯಣ ಶುರುವಾಯಿತು. ಒಂದೇ ವ್ಯತ್ಯಾಸ, ಎರಡನೆಯ ಸೀಟನ್ನು ಖಾಲಿ ಇಡುತ್ತಿದ್ದರು. ಏಕೆಂದು ಕೇಳಿದೆ. “ನಿಮ್ಮ ಪೇಷಂಟ್‌ಗಿ ಬೇಕಾಗ್ತದಲ್ಲ ಬಾಯಿ” ಎಂದರು. ಹೆರಿಗೆಯ ನೋವು ತಿನ್ನುವವರನ್ನು, ಹಾವು ಕಚ್ಚಿದವರನ್ನು ನಾನು ಆ ಸೀಟಿನಲ್ಲಿ ಕೂರಿಸಿ ಆಳಂದಕ್ಕೆ ಕಳಿಸಿದ್ದೇನೆ. ಸೀಟಿಗೆ ರಕ್ತ ಆದರೆ ತಾವೇ ಒರೆಸುತ್ತಿದ್ದರು. ಸಿಟ್ಟು ಹೋಗಿತ್ತು ಎಂದರೆ ಸುಳ್ಳಾದೀತು. ಬಸುರಿಯನ್ನು ಒಯ್ಯುವಾಗ ಮಾದನಹಿಪ್ಪರಗಾದ ರಸ್ತೆಯಲ್ಲಿ ದಾರಿ ಬಿಡದ ಲಾರಿಯವನನ್ನು ಕೆಳಗಿಳಿಸಿ ಎಡಗೈಯಲ್ಲೇ ಹೊಡೆದರು. ಬಲಗೈ ಭುಜದ ಮೇಲಕ್ಕೆ ಏಳುತ್ತಿರಲಿಲ್ಲ.

ಪ್ರತಿ ದಸರೆಗೂ ಅವರು ಬನ್ನಿ ಹಿಡಿದು ಅಣ್ಣನ ಬಾಗಿಲಿಗೆ ಹೋದರು. ಎಲೆ ಮಾತ್ರ, ಮುಳ್ಳು ಒಂದೂ ಇಲ್ಲದಂತೆ ತಾವೇ ಬಿಡಿಸಿಕೊಂಡು. ಅಣ್ಣ ಬದುಕಿರುವವರೆಗೆ ಕೈ ಒಡ್ಡಿದರು. ಮಗ ಹೊರಗೆ ಬರಲಿಲ್ಲ. ಅಣ್ಣ ತೀರಿದ ಮೇಲೆ ಮಾಲಕರು ಕತ್ತಲಾಗುವವರೆಗೆ ಕಟ್ಟೆಯ ಕೆಳಗೆ ನಿಂತು, ಎಲೆಗಳನ್ನು ಹಾಗೆಯೇ ತಿರುಗಿ ತರುತ್ತಿದ್ದರು. ಹೊರಗೆ ಬಾರದವನದು ತಪ್ಪು ಎಂದು ಒಮ್ಮೆಯೂ ಅನ್ನಲಿಲ್ಲ.

ಹೋದ ಚಳಿಗಾಲದಲ್ಲಿ ತೀರಿಕೊಂಡರು. ನಾನು ಅಫಜಲಪುರದಿಂದ ಹೋದೆ. ಅವರ ಮನೆತನದಲ್ಲಿ ಹಿರಿಯರ ಹೊಲದಲ್ಲೇ ಕುಣಿ ತೋಡಿ, ಸತ್ತವರನ್ನು ಕೂರಿಸಿ ಮಣ್ಣು ಕೊಡುತ್ತಾರೆ. ಕೂರಿಸಲು ಮನೆಯ ಗಂಡುಮಗ ಒಬ್ಬ ಕುಣಿಯೊಳಗೆ ಇಳಿಯಬೇಕು, ಅಳಿಯಂದಿರು ಇಳಿಯುವುದಿಲ್ಲ. ಯಾರು ಇಳಿಯುತ್ತೀರಿ ಎಂದು ಮಠದ ಅಯ್ಯನವರು ಕೇಳಿದರು. ದೂರದ ಬದುವಿನ ಮೇಲೆ ನಿಂತಿದ್ದ ಅಣ್ಣನ ಮಗ ಬಂದ. ತಲೆ ನೆರೆತಿತ್ತು. ಅಂಗಿ ತೆಗೆದಿಟ್ಟು ಇಳಿದ.

ಮೇಲಿನಿಂದ ಇಳಿಸಿದ ದೇಹವನ್ನು ಅವನು ಎದೆಗೆ ಆನಿಸಿ ತೆಗೆದುಕೊಂಡ. ಪದ್ಮಾಸನ ಹಾಕಿಸಿ ಗೋಡೆಗೆ ಒರಗಿಸಿದ. ತಲೆ ಮುಂದಕ್ಕೆ ಬಾಗಿತು. ಎತ್ತಿ ಹಿಡಿದ, ಮತ್ತೆ ಬಾಗಿತು. ವಿಭೂತಿ ಗಟ್ಟಿಗಳನ್ನು ಕೊರಳ ಬದಿಗೆ ಒಂದೊಂದಾಗಿ ಒತ್ತಿಟ್ಟು, ಗದ್ದದ ಕೆಳಗೆ ತನ್ನ ಅಂಗೈ ಕೊಟ್ಟು ಕೂತುಬಿಟ್ಟ. ಹೊತ್ತಾಯಿತು, ಮೇಲೆ ಬಾ ಎಂದು ಮಂದಿ ಕರೆದರು. ಕೇಳಿಸಲಿಲ್ಲವೇನೋ. ಅಯ್ಯನವರು ಅವನ ಬಲಗಿವಿಯ ಬದಿಗೆ ಹೋಗಿ ಬಗ್ಗಿ ಕರೆದರು. ಅವನು ಕಾಕಾನ ಮುಖದಿಂದ ಕಣ್ಣು ತೆಗೆಯಲಿಲ್ಲ.

“ತಡೀರಿ” ಎಂದ. “ಕಾಕಾ ಇನ್ನ ಸರಿ ಕುಂತಿಲ್ಲ.”