ಎರಡು ರಿಂಗಿನ ಕರೆ

ಇಲ್ಲಿ ಅಮೆರಿಕದ ಸೆಂಟರ್‌ವಿಲ್‌ನ ಅಂಗಡಿಯಲ್ಲಿ ಮೊನ್ನೆ ಹೇರಳೆಕಾಯಿಯಂಥ ಹಣ್ಣೊಂದನ್ನು ಉಗುರಿನಿಂದ ಗೀರಿ ಮೂಸಿದೆ. ಹಿಂದೆ ನಮ್ಮ ಪಕ್ಕದ ಮನೆಯಲ್ಲಿದ್ದವರೊಬ್ಬರು ಎದುರಿಗೇ ಬಂದು ನಿಂತಂತಾಯಿತು.

ತೊಂಬತ್ತರ ದಶಕದ ಮೊದಲ ವರ್ಷಗಳು. ಹರ್ನ್‌ಡನ್‌ನ ಅಪಾರ್ಟ್‌ಮೆಂಟಿನಲ್ಲಿದ್ದೆವು. ಅವರು ಹೈಟಿಯವರು, ಅಲ್ಲಿ ಸೈನ್ಯ ಅಧಿಕಾರ ಕಿತ್ತುಕೊಂಡ ಮೇಲೆ ಸೈನಿಕರಿಂದ ತಪ್ಪಿಸಿಕೊಂಡು ದೋಣಿಯಲ್ಲಿ ಬಂದು ಇಲ್ಲಿ ಆಶ್ರಯ ಪಡೆದವರು. ಮಾಂಸ ತೊಳೆಯಲು ತಂದ ಇಂಥದೇ ಹುಳಿಕಿತ್ತಳೆಯಲ್ಲಿ ನಮಗೂ ಕೊಡುತ್ತಿದ್ದರು. ಅದನ್ನು ಹಿಂಡಿ ನಾನು ಚಿತ್ರಾನ್ನ ಮಾಡುತ್ತಿದ್ದೆ. ತಮ್ಮ ಮನೆಯ ಫೋನನ್ನು ಅವರು ನಂಬುತ್ತಿರಲಿಲ್ಲ. ಹೈಟಿಯಲ್ಲೇ ಅಡಗಿಕೊಂಡಿದ್ದ ತಮ್ಮನೊಡನೆ ನಮ್ಮ ಮನೆಯಿಂದಲೇ ಮಾತಾಡುತ್ತಿದ್ದರು, ಕಿಟಕಿಯ ಪರದೆ ಎಳೆದು...

ದೋಣಿಯಲ್ಲಿ ಬಂದವರನ್ನು ಅಮೆರಿಕದೊಳಗೆ ಬಿಡದೆ ಬೇರೆ ದೇಶಗಳಿಗೆ ಕಳಿಸುವ ಮಾತು ಆಗ ಟೀವಿಯಲ್ಲಿ ಶುರುವಾಗಿತ್ತು. ಊಟಕ್ಕೆ ಬಂದಿದ್ದ ನಮ್ಮ ಪರಿಚಯದ ಡಾಕ್ಟರ್ ಅಂಕಲ್, "ಒಳ್ಳೇ ಐಡಿಯಾ ಕಣಮ್ಮ. ಅಮೆರಿಕ ಸಿಗಲ್ಲ ಅಂತ ಗೊತ್ತಾದ್ರೆ ಯಾರು ರಿಸ್ಕ್ ತಗೋತಾರೆ?" ಎಂದರು.

"ನೀವು ಪ್ಲೇನಲ್ಲಿ ಬಂದೋರು ಬಿಡಿ ಅಂಕಲ್," ಎಂದರು ನನ್ನ ಗಂಡ.

ಪಕ್ಕದವರೂ ಅದೇ ಮಾತು ಹೇಳಿ ತಮ್ಮನನ್ನು ದೋಣಿ ಹತ್ತದಂತೆ ತಡೆಯಲು ನೋಡಿದರು. ದೋಣಿಯವನೇ ಸೈನಿಕರಿಗೆ ಹಿಡಿದುಕೊಟ್ಟರೆ ಎಂಬ ಅನುಮಾನ ಅವರಿಗೆ. ತಮ್ಮನ ಉತ್ತರವನ್ನು ನಮಗೆ ಇಂಗ್ಲಿಷಿನಲ್ಲಿ ತಿಳಿಸಿದರು: ಎಲ್ಲಿಗೆ ಬೇಕಾದರೂ ಕಳಿಸಲಿ, ಅದು ಈ ಹೈಟಿ ಅಲ್ಲವಲ್ಲ.

ನಾನು ದುಡ್ಡು ಖರ್ಚಾಗದ ನಮ್ಮ ಮನೆಯ ಉಪಾಯ ಹೇಳಿಕೊಟ್ಟೆ. ಮೈಸೂರಿನಿಂದ ಅಮ್ಮ ಎರಡು ರಿಂಗ್ ಕೊಟ್ಟು ಕಟ್ ಮಾಡಿದರೆ ಎಲ್ಲರೂ ಕ್ಷೇಮ ಎಂದರ್ಥ. ಅಡಗಿದ ಜಾಗದಿಂದ ತಮ್ಮನೂ ನಮ್ಮ ನಂಬರಿಗೆ ಹಾಗೇ ಮಾಡಲಿ ಎಂದೆ. ಅವರು ಸ್ಪೀಕರ್ ಒತ್ತಿ ಅವನಿಗೆ ಅದನ್ನು ತಿಳಿಸಿದರು. ಅವನು ಹೂಂಗುಟ್ಟಿದ್ದನಷ್ಟೆ... ಆ ಕಡೆ ಬಾಗಿಲು ಮುರಿದ ಸದ್ದು. ಕೂಗಾಟ. ಆಮೇಲೆ ಬೇರೆ ಯಾರದೋ ದನಿ, ಏನೂ ಅವಸರವಿಲ್ಲದೆ, ಯಾರು ಮಾತಾಡುವುದು ಎಂದು ಅವರ ಭಾಷೆಯಲ್ಲಿ ಕೇಳಿತಂತೆ. ಇವರು ಫೋನ್ ಇಟ್ಟುಬಿಟ್ಟರು. ಆ ದನಿ ಇನ್ನೂ ನನ್ನ ಕಿವಿಯಲ್ಲಿದೆ.

ಒಂದು ವಾರದ ನಂತರ ಫೋನು ಎರಡು ಸಲ ರಿಂಗಾಗಿ ನಿಂತಿತು. ತಮ್ಮನದೇ ಎಂದು ಪಕ್ಕದವರು ನನ್ನ ಗಂಡನನ್ನು ತಬ್ಬಿಕೊಂಡು ಅತ್ತರು. ನನಗೆ ಅನುಮಾನ. ಆ ಎರಡು ರಿಂಗ್ ನೀನು ಕೊಟ್ಟಿದ್ದಾ ಎಂದು ಅಮ್ಮನಿಗೆ ಫೋನ್ ಮಾಡಿ ಕೇಳಿದೆ.

"ಮಾಡಿದ್ನೇನೋ ಕಣೇ. ಯಾಕೆ, ಮಾಡಬಾರ್ದಿತ್ತಾ?"

ಪಕ್ಕದವರಿಗೆ ಹೇಳಿದೆ. ಅವರು, "ನಿಮ್ಮ ತಾಯಿಗೆ ಇನ್ನು ಹಾಗೆ ಮಾಡಬೇಡಿ ಅನ್ನಿ," ಎಂದರು. ಅಮ್ಮ ನಿಲ್ಲಿಸಿದಳು. ಆಮೇಲೆ ಎರಡು ರಿಂಗ್ ಬರಲೇ ಇಲ್ಲ.

ಅವರು ಅಟ್ಲಾಂಟಾ ಕಡೆ ಹೋದರು. ಈ ನಂಬರ್ ಬದಲಿಸಬೇಡಿ ಎಂದು ಮಾತ್ರ ಕೇಳಿಕೊಂಡರು. ಮನೆ ಬದಲಾಯಿತು, ಅಮ್ಮ ತೀರಿಕೊಂಡಳು. ನಂಬರ್ ಅದೇ ಇದೆ. ಈಗ ಬರುವುದೆಲ್ಲ ಏನನ್ನೋ ಮಾರುವವರ ಕರೆಗಳು. ಆದರೂ ನಾನು ತಕ್ಷಣ ಎತ್ತುವುದಿಲ್ಲ. ಎರಡು ರಿಂಗ್ ಮುಗಿಯಲಿ ಎಂದು ಕಾಯುತ್ತೇನೆ. ಮೂರನೆಯದು ಬಂದೇ ಬರುತ್ತದೆ.