ಲೇಸರಿಗೆ ಮುನ್ನ ಅರಿಷಿಣದೆಣ್ಣೆ

ನಮ್ಮ ಸೊಸೈಟಿಯ ಈಜುಕೊಳ ನನ್ನ ಬಾಲ್ಕನಿಯ ಕೆಳಗೇ ಇದೆ. ನಾಲ್ಕು ವರ್ಷ ಅದನ್ನು ಮೇಲಿನಿಂದ ನೋಡುತ್ತ ಚಹಾ ಕುಡಿದವಳು ನಾನು. ಬೆಳಿಗ್ಗೆ ಏಳರಿಂದ ಎಂಟರ ತನಕ ಹೆಂಗಸರಿಗೆ ಮೀಸಲು. ಹಿಂಜವಾಡಿಯ ಐಟಿ ಕಂಪನಿಗಳ ಬಸ್ಸು ಹಿಡಿಯುವ ಹುಡುಗಿಯರು ಅಷ್ಟರಲ್ಲೇ ಬಂದು ಈಜಿ ಹೋಗುತ್ತಾರೆ. ಐವತ್ತು ತುಂಬುವುದರೊಳಗೆ ನಾನೂ ಈಜು ಕಲಿಯಬೇಕೆಂದು ಹಟ ಹಿಡಿದಿದ್ದೆ. ಅಡ್ಡ ಬಂದದ್ದು ನನ್ನ ತೊಡೆಗಳು.

ತೊಡೆಯ ಹಿಂಭಾಗದ ಚರ್ಮ ಪಡ್ಡಿನ ಹಂಚಿನಂತೆ ಕುಳಿ ಕುಳಿಯಾಗಿದೆ. ಅದಕ್ಕೆ ಸೆಲ್ಯುಲೈಟ್ ಎನ್ನುತ್ತಾರೆಂದು ಫೋನು ತಿಳಿಸಿತು. ಮೊಣಕಾಲ ತನಕದ ಈಜುಡುಪು ತರಿಸಿದೆ. ಒದ್ದೆಯಾದರೆ ಅದು ಮೈಗಂಟಿಕೊಂಡು ಒಂದು ಕುಳಿಯನ್ನೂ ಬಿಡದೆ ತೋರಿಸುತ್ತದೆ ಎಂಬುದನ್ನು ಬಚ್ಚಲಮನೆಯಲ್ಲಿ ಎರಡು ತಂಬಿಗೆ ನೀರು ಸುರಿದುಕೊಂಡು ಖಾತ್ರಿ ಮಾಡಿಕೊಂಡೆ. ಮರುದಿನ ಅದೇ ಫೋನು ಲೇಸರಿನ ಜಾಹೀರಾತು ತಂದು ಮುಂದಿಟ್ಟಿತು. ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ, ಚರ್ಮದ ಅಡಿಗೆ ಬಿಸಿ ಮುಟ್ಟಿಸಿ ಕುಳಿಗಳನ್ನು ಮಟ್ಟಸ ಮಾಡುತ್ತಾರಂತೆ. ಔಂಧಿನ ಒಂದು ಕ್ಲಿನಿಕ್ಕಿನಲ್ಲಿ ಆರು ಸಿಟ್ಟಿಂಗಿಗೆ ಹೆಸರು ಬರೆಸಿಬಿಟ್ಟೆ.

ಧಾರವಾಡದಿಂದ ಈ ಮರಾಠಿ ಊರಿಗೆ ಬಂದು ನನ್ನ ಜೊತೆಗಿರುವ ಅವ್ವನಿಗೆ ಇದನ್ನು ಹೇಳುವ ಧೈರ್ಯವಾಗಲಿಲ್ಲ. ಸುಳ್ಳು ಹೇಳಿದೆ.

“ಕಾಲು ಭಾಳ ನೋಯಾಕತ್ತಾವ, ಡಾಕ್ಟರ ಕಡೆ ಹೊಂಟೇನಿ.”

ಕಾಲು ನೋವು ಎಂಬ ಮಾತು ಅವ್ವನ ಕಿವಿಗೆ ಬೀಳಬಾರದಿತ್ತು. ಕ್ಲಿನಿಕ್ಕಿಗೆ ಹೋಗುವ ದಿನ ನಾನು ಏಳುವಷ್ಟರಲ್ಲಿ ಎಳ್ಳೆಣ್ಣೆಗೆ ಅರಿಷಿಣ ಹಾಕಿ ಬಿಸಿ ಮಾಡಿ, ಚಾಪೆ ಹಾಸಿ ಕಾಯುತ್ತಿದ್ದಳು. ಮೊಣಕಾಲಿಗಷ್ಟೇ ಸಾಕು ಎಂದೆ.

“ನೋವು ಸೊಂಟದಿಂದ ಇಳೀತದ. ಸುಮ್ನ ಮಲಗು,” ಎಂದಳು.

ಎಪ್ಪತ್ತೆಂಟರ ಕೈಗಳಿಗೆ ಅಷ್ಟು ಬಲ ಎಲ್ಲಿಂದ ಬರುತ್ತದೋ! ಮೇಲಿನಿಂದ ಕೆಳಗಿನ ತನಕ ತಿಕ್ಕಿದಳು. ಕ್ರೀಮು, ಲೋಷನ್ನು ಹಚ್ಚಿಕೊಂಡು ಬರಬೇಡಿ ಎಂದು ಕ್ಲಿನಿಕ್ಕಿನವರು ಬರೆದುಕೊಟ್ಟಿದ್ದರು. ಆದರೆ ನಮ್ಮ ಮನೆಯಲ್ಲಿ ಅರಿಷಿಣದೆಣ್ಣೆಯನ್ನು ಯಾರು ಕ್ರೀಮು ಎಂದುಕೊಂಡಾರು? ಅದು ಸ್ನಾನದ ಒಂದು ಭಾಗ. ಕಡಲೆಹಿಟ್ಟು ಹಚ್ಚಿ ಬಿಸಿನೀರು ಸುರಿದುಕೊಂಡೆ, ಎಲ್ಲ ಹೋಯಿತೆಂದುಕೊಂಡು ಹೊರಟೆ.

ಕ್ಲಿನಿಕ್ಕಿನ ಹುಡುಗಿ ನನ್ನನ್ನು ಬೋರಲು ಮಲಗಿಸಿದಳು, ಕಣ್ಣಿಗೆ ಕಪ್ಪು ಕನ್ನಡಕ ಹಾಕಿದಳು, ದೊಡ್ಡ ದೀಪ ಹೊತ್ತಿಸಿದಳು. ಆಮೇಲೆ ಒದ್ದೆ ಬಟ್ಟೆಯಿಂದ ಒಂದು ಸಲ ಒರೆಸಿದಳು, ಇನ್ನೊಂದು ಸಲ ಒರೆಸಿದಳು.

“ಕಾಕೂ, ಘರಾತ್ ಲಗ್ನ ಆಹೇ ಕಾ?”

ಮನೆಯಲ್ಲಿ ಮದುವೆಯೇ ಎಂದು ಕೇಳುತ್ತಿದ್ದಳು. ಎದ್ದು ಕನ್ನಡಿ ನೋಡಿದರೆ ಆ ದೀಪದ ಬೆಳಕಿನಲ್ಲಿ ತೊಡೆಗಳು ಹಳದಿಗೆ ಹಳದಿ. ಬಣ್ಣವಿರುವ ಚರ್ಮಕ್ಕೆ ಲೇಸರ್ ಬಿಟ್ಟರೆ ಸುಟ್ಟೀತು, ಪೂರ್ತಿ ಹೋದ ಮೇಲೆ ಬನ್ನಿ ಎಂದು ನಗು ತಡೆದುಕೊಂಡು ಮರಾಠಿಯಲ್ಲೇ ಹೇಳಿ ಕಳಿಸಿದಳು. ರಿಕ್ಷಾದಲ್ಲಿ ಅವ್ವನ ಮೇಲೆ ಸಿಟ್ಟು ಕುದಿಯುತ್ತಿತ್ತು.

ಅವ್ವ ಬಾಗಿಲಲ್ಲೇ ನಿಂತಿದ್ದಳು. “ಹ್ಯಾಂಗ ಆತು? ನೋವು ಕಡಿಮಿ ಆತೇನು?”

ಆ ಮುಖ ನೋಡಿ ಸಿಟ್ಟು ಇಳಿದು ನಾಚಿಕೆಯಾಯಿತು. ಲೇಸರು, ಈಜುಕೊಳ, ತೊಡೆ, ಎಲ್ಲ ಹೇಳಿಬಿಟ್ಟೆ. ಬೈಸಿಕೊಳ್ಳಲು ಸಿದ್ಧಳಾಗಿದ್ದೆ. ಅವಳು ಮೆಂತ್ಯದ ಪಲ್ಲೆ ಸೋಸುತ್ತ ಕುಳಿತಳು.

“ತಿಕ್ಕೂವಾಗ ನೋಡೇನಿ. ನನ್ನವೂ ಹಂಗ ಅವ.”

“ನಿನಗೇನವ್ವಾ, ನೀರಂದ್ರ ಅಂಜತಿದ್ದಿ. ಇಳಿಯೂ ಪ್ರಸಂಗನ ಬರಲಿಲ್ಲ.”

ಪ್ರತಿ ಸಂಕ್ರಮಣಕ್ಕೆ ಮನೆಮಂದಿಯೆಲ್ಲ ಎಳ್ಳು ಹಚ್ಚಿಕೊಂಡು ಹೊಳೆಗೆ ಇಳಿದರೆ ಅವ್ವ ಮಾತ್ರ ರೊಟ್ಟಿಗಂಟು ಕಾಯುತ್ತ ದಂಡೆಯ ಮೇಲೆ ಕೂತಿರುತ್ತಿದ್ದಳು. ಪುಕ್ಕಲಿ ಎಂದು ಮಕ್ಕಳೆಲ್ಲ ಸೇರಿ ಕಾಡುತ್ತಿದ್ದೆವು, ಅವಳೂ ನಗುತ್ತಿದ್ದಳು.

“ಅಂಜಿಕಿ ಯಾಕ? ನನಗ ಈಜು ಬರ್ತಿತ್ತು,” ಎಂದಳು ಅವ್ವ. “ತವರಮನಿ ಬಾವ್ಯಾಗ ಕಲ್ತಿದ್ದೆ. ಲಗ್ನಾದ ವರ್ಷ ಹೊಳಿಗೆ ಇಳಿದೆ. ಹಸಿ ಸೀರಿ ಕಾಲಿಗೆ ಮೆತ್ತಿಕೊಂಡಿತ್ತು. ನಿಮ್ಮಪ್ಪನ ಅಕ್ಕ ನೋಡಿ, ನಾಕ ಮಂದಿ ಮುಂದ ನಕ್ಕಳು. ಮತ್ತ ಇಳೀಲಿಲ್ಲ.”

ಈಜು ಬಲ್ಲವಳು ಅಷ್ಟು ವರ್ಷ ದಂಡೆಯ ಮೇಲೆ ಕೂತಿದ್ದಳು. ನನಗೆ ಅಳು ತಡೆಯಲಾಗಲಿಲ್ಲ. ಅವ್ವ ಪಲ್ಲೆಯ ಕಡ್ಡಿಯಿಂದ ನನ್ನ ಕೈಗೆ ಮೆಲ್ಲಗೆ ಹೊಡೆದು, “ನಾಳೆ ಇಳಿ,” ಎಂದಳು.

ಇಳಿದೆ. ಯಾರೂ ನನ್ನ ತೊಡೆ ನೋಡಲಿಲ್ಲ. ಆ ಹುಡುಗಿಯರ ಕಣ್ಣೆಲ್ಲ ಗೋಡೆಯ ಗಡಿಯಾರದ ಮೇಲೆ, ಬಸ್ಸು ತಪ್ಪೀತೆಂಬ ಚಿಂತೆ. ಅದಕ್ಕೆ ಲೇಸರ್ ಬಿಟ್ಟುಬಿಟ್ಟೆನೆಂದು ತಿಳಿಯಬೇಡಿ. ಅರಿಷಿಣ ಹೋದ ಮೇಲೆ ಆರೂ ಸಿಟ್ಟಿಂಗ್ ಮುಗಿಸಿದೆ. ಕುಳಿಗಳು ಕೊಂಚ ಕಡಿಮೆಯಾಗಿವೆ, ಕನ್ನಡಿಯನ್ನು ಸರಿಯಾದ ಕಡೆಗೆ ತಿರುಗಿಸಿ ಹಿಡಿದರೆ.

ಅವ್ವ ಈಗ ದಿನಾ ಕೆಳಗೆ ಬರುತ್ತಾಳೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, “ಮಂಡಿ ಮಡಚಬ್ಯಾಡ, ಕಾಲು ಬಡಿ,” ಎಂದು ಕೂಗುತ್ತಾಳೆ. ಕಲಿಸಲು ಬರುವ ಟೀಚರಮ್ಮನಿಗೆ ಕನ್ನಡ ಬಾರದು, ಆದರೂ ಹೌದೆಂದು ತಲೆಯಾಡಿಸುತ್ತಾಳೆ. ಮೊನ್ನೆ ನಾನು ಮೊದಲ ಸಲ ಆ ದಡ ಮುಟ್ಟಿ ವಾಪಸು ಬಂದೆ. ಅವ್ವ ಟವೆಲು ಕೈಗೆ ಕೊಡದೆ, ನನ್ನ ಈಜುಡುಪಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡುತ್ತ ಕೇಳಿದಳು: “ಇದು ನನ್ನ ಅಳತೀದೂ ಸಿಗ್ತದೇನು?”