ಮೇಣದ ತುಂಡು ಹಿಡಿದು ಮಂಗಳೂರಿಗೆ

ಮೂರು ವರ್ಷದ ಹಿಂದೆ ನನ್ನ ಎಡ ಸ್ತನದಲ್ಲಿದ್ದ ಗಂಟನ್ನು ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ತೆಗೆದರು. ಕ್ಯಾನ್ಸರ್ ಎಂದು ಖಚಿತವಾಗಿತ್ತು. ಯಾವ ಬಗೆಯದು, ಯಾವ ಔಷಧಿಗೆ ಬಗ್ಗುತ್ತದೆ ಎಂದು ತಿಳಿಯಲು ಇನ್ನೊಂದು ಪರೀಕ್ಷೆ ಬೇಕಿತ್ತು, ಅದು ಮಂಗಳೂರಿನಲ್ಲಿ. ಬೇಗ ಬೇಕಾದರೆ ನೀವೇ ಒಯ್ಯಿರಿ ಎಂದರು ಡಾಕ್ಟರು.

ಗಂಟಿನ ಚೂರನ್ನು ಮೇಣದಲ್ಲಿ ಹುದುಗಿಸಿ, ಕವರಿಗೆ ಹಾಕಿ ನನ್ನ ಕೈಗೇ ಕೊಟ್ಟರು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಬಿಸಿ ತಾಗಿಸಬಾರದಂತೆ. ನನ್ನ ಗಂಡನಿಗೆ ಘಾಟಿಯ ತಿರುವುಗಳಲ್ಲಿ ವಾಂತಿ ಬರುತ್ತದೆ. ಹಾಗಾಗಿ ನಾದಿನಿ ಜೊತೆಗೆ ಬಂದಳು.

ಮೂಡಿಗೆರೆಯಲ್ಲಿ ಬಸ್ಸು ಹತ್ತಿದಾಗ ಸಿಕ್ಕಿದ್ದು ಇಂಜಿನ್ ಪಕ್ಕದ ಸೀಟು.

“ಅತ್ತಿಗೆ, ಇಲ್ಲಿ ಕೂತ್ರೆ ಅದು ಕರಗಿ ಹೋಗುತ್ತೆ. ಹಿಂದೆ ಹೋಗಣ ಬನ್ನಿ,” ಎಂದಳು ನಾದಿನಿ.

ಹಿಂದೆ ಹೋದೆವು. ಕೊಟ್ಟಿಗೆಹಾರದಲ್ಲಿ ಹತ್ತಿದ ಹೆಂಗಸೊಬ್ಬರು ನಾನು ಅವುಚಿಕೊಂಡಿದ್ದ ಬ್ಯಾಗನ್ನು ನೋಡಿದರು.

“ಏನ್ರೀ, ಅಷ್ಟು ಜೋಪಾನವಾಗಿ ಹಿಡ್ಕಂಡಿದೀರಿ?”

“ನನ್ನ ಗಂಟು,” ಎಂದೆ.

ಹಣದ ಗಂಟೆಂದುಕೊಂಡರೋ ಏನೋ, “ಹಾಗಾದ್ರೆ ಗಟ್ಟಿಯಾಗೇ ಹಿಡ್ಕಳಿ,” ಎಂದು ಕಿಟಕಿ ಕಡೆ ತಿರುಗಿದರು.

ಮುಂದಿನ ವಾರ ರಿಪೋರ್ಟು ಫೋನಿಗೇ ಬಂತು. ಇಆರ್ ಪಾಸಿಟಿವ್, ಪಿಆರ್ ಪಾಸಿಟಿವ್, ಹರ್-ಟು ನೆಗೆಟಿವ್. ಕೊರೊನಾ ಕಾಲ ಕಂಡಿದ್ದ ನಾದಿನಿ ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತಳು. “ಎರಡೆರಡು ಪಾಸಿಟಿವ್ ಅಲ್ವಾ ಅತ್ತಿಗೆ!” ನಾನೂ ಪಕ್ಕದಲ್ಲಿ ಕೂತೆ. ಒಲೆಯ ಮೇಲಿನ ಹಾಲು ಉಕ್ಕಿತು. ಇಬ್ಬರೂ ನೋಡಿದೆವು, ಯಾರೂ ಏಳಲಿಲ್ಲ.

ಮರುದಿನ ಡಾಕ್ಟರು ರಿಪೋರ್ಟು ಓದಿ ತಲೆಯಾಡಿಸಿದರು.

“ಇದು ಒಳ್ಳೆ ಪಾಸಿಟಿವೇ ಅಮ್ಮ. ನಿಮ್ಮ ಗಂಟು ಹಾರ್ಮೋನ್ ತಿಂದು ಬೆಳೆದಿದೆ. ಅದನ್ನ ತಡೆಯೋ ಮಾತ್ರೆ ಇದೆ. ಬೆಳೆಯೋ ವೇಗಾನೂ ಕಡಿಮೆ ಅಂತ ಬಂದಿದೆ.”

“ಹಾಗಾದ್ರೆ ನಂಗಿನ್ನೆಷ್ಟು ವರ್ಷ?”

“ಅದನ್ನ ಯಾವ ರಿಪೋರ್ಟೂ ಬರ್ದುಕೊಡಲ್ಲ. ಲಕ್ಷಣ ಚೆನ್ನಾಗಿದೆ ಅನ್ನಬಹುದು, ಅಷ್ಟೆ.”

 

ರೇಡಿಯೇಷನ್ ಮುಗಿಯಿತು. ಮಾತ್ರೆ ದಿನಾ ನುಂಗುತ್ತಿದ್ದೇನೆ. ಅದರಿಂದ ಕೀಲುಗಳು ನೋಯುತ್ತವೆ. ನಮ್ಮದು ಬಟ್ಟೆ ಅಂಗಡಿ. ಈಚೆಗೆ ಗಿರಾಕಿಗಳೆಲ್ಲ ಮೇಲಿನ ಕಪಾಟಿನ ಸೀರೆಯನ್ನೇ ಕೇಳುತ್ತಾರೆ. ತಪಾಸಣೆಯಲ್ಲಿ ಇದುವರೆಗೆ ಏನೂ ಕಂಡಿಲ್ಲ.

ಕಳೆದ ತಿಂಗಳು ನಾದಿನಿಯನ್ನೂ ಎಳೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದೆ.

“ಏನೂ ಇಲ್ವಂತೆ ಅತ್ತಿಗೆ,” ಎಂದಳು ಹೊರಗೆ ಬಂದು, ತಪ್ಪು ಮಾಡಿದವಳ ಹಾಗೆ.

“ಸದ್ಯ ಮಾರಾಯ್ತಿ,” ಎಂದೆ. ಇಬ್ಬರೂ ಹೋಟೆಲಿಗೆ ಹೋಗಿ ಹೊಟ್ಟೆ ತುಂಬ ಊಟ ಮಾಡಿದೆವು.